ಕಾರಣದ ಕಾಲಂ

ಮದುವೆಯಾದ ನಾಲ್ಕನೆಯ ದಿನ ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು ನಾನು ಚಹಾ ಮಾಡುವುದನ್ನು ಅಳೆದರು. ಹೊಸ ಹೆಂಡತಿಯನ್ನು ಗಂಡ ಕಣ್ತುಂಬ ನೋಡುತ್ತಿದ್ದಾರೆ ಅಂದುಕೊಂಡು ನಾನು ನಾಚಿ ತಲೆ ತಗ್ಗಿಸಿದ್ದೆ. "ಏಳು ನಿಮಿಷ ನಲವತ್ತು ಸೆಕೆಂಡ್. ಸಕ್ಕರೆ ಡಬ್ಬಿ ಎಡಗಡೆ ಇಟ್ರೆ ಇಪ್ಪತ್ತು ಸೆಕೆಂಡ್ ಉಳಿಯುತ್ತೆ" ಎಂದರು. ಅಂದಿನಿಂದ ಇಂದಿನವರೆಗೆ, ಮೂವತ್ತೊಂದು ವರ್ಷ, ನಮ್ಮ ಮನೆಯ ಸಕ್ಕರೆ ಡಬ್ಬಿ ಎಡಗಡೆಯೇ ಇದೆ. ಉಳಿತಾಯವಾದ ಇಪ್ಪತ್ತಿಪ್ಪತ್ತು ಸೆಕೆಂಡುಗಳೆಲ್ಲ ಎಲ್ಲಿ ಹೋದವೋ ನನಗಂತೂ ಗೊತ್ತಿಲ್ಲ. ನನ್ನ ಕೈಗೆ ಒಂದೂ ಬಂದಿಲ್ಲ.

ಇವರ ಉದ್ಯೋಗವೇ ಅದು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಟೈಮ್ ಸ್ಟಡಿ. ಅಲ್ಲಿ ನಾಲ್ಕು ಸಾಲು ಮಿಷನ್ನುಗಳು, ಸಾಲಿಗೆ ಮೂವತ್ತು ಹೆಂಗಸರು. ಒಬ್ಬಳು ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ತೋಳು, ಮತ್ತೊಬ್ಬಳು ಜೇಬು. ಒಂದು ಕಾಲರ್ ಕೂರಿಸಲು ಇಷ್ಟು ಸೆಕೆಂಡ್ ಸಾಕು ಎಂದು ಇವರು ಬರೆದುಕೊಟ್ಟರೆ ಆ ಲೆಕ್ಕದ ಮೇಲೆ ದಿನದ ಟಾರ್ಗೆಟ್ಟು. ಹೆಂಗಸರು ಇವರಿಗೆ ಪ್ರೀತಿಯಿಂದ ಇಟ್ಟ ಹೆಸರು ಸೆಕೆಂಡಪ್ಪ. ಪ್ರೀತಿಯಿಂದ ಎಂದು ಇವರೇ ಹೇಳುತ್ತಾರೆ, ನಾನಲ್ಲ.

ಆ ಕೆಲಸಕ್ಕೊಂದು ಕ್ರಮವಿದೆ. ಒಬ್ಬಳ ಪಕ್ಕ ನಿಂತು ಇಪ್ಪತ್ತು ಸಲ ಅಳೆಯಬೇಕು. ಇಪ್ಪತ್ತರಲ್ಲಿ ಯಾವುದಾದರೂ ಅಳತೆ ಉಳಿದವುಗಳ ಜೊತೆ ಹೊಂದದೆ ಎದ್ದು ಕಂಡರೆ ಅದು 'ಅಸಹಜ'. ಅದನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಬೇಕು. ಆದರೆ ಸುಮ್ಮನೆ ಹೊಡೆಯುವ ಹಾಗಿಲ್ಲ. ಹಾಳೆಯ ಕೊನೆಯಲ್ಲಿ ಕಾರಣದ ಕಾಲಂ ಎಂದು ಒಂದಿದೆ, ಅಲ್ಲಿ ಯಾಕೆ ಹೊಡೆದೆ ಎಂದು ಬರೆಯಬೇಕು. ನೂಲು ತುಂಡಾಯಿತು. ಬಾಬಿನ್ ಮುಗಿಯಿತು. ಕೆಮ್ಮಿದಳು. ಬೆವರು ಒರೆಸಿಕೊಂಡಳು. ಆಮೇಲೆ ಉಳಿದದ್ದನ್ನಷ್ಟೇ ಬೇರೆ ಹಾಳೆಗೆ ಅಚ್ಚುಕಟ್ಟಾಗಿ ಇಳಿಸಿ ಮ್ಯಾನೇಜರಿಗೆ ಕೊಡಬೇಕು. ಮೂಲ ಹಾಳೆಯನ್ನು ಮಾತ್ರ ಯಾವತ್ತೂ ಎಸೆಯಬಾರದು. "ಕಾರಣ ಬರೀದೆ ಹೊಡೆದ್ರೆ ಅದು ಮೋಸ. ಕಾರಣ ಬರೆದು ಹೊಡೆದ್ರೆ ಅದು ಪದ್ಧತಿ" ಎಂದು ಇವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಕೆಮ್ಮುವುದು, ಬೆವರುವುದು ಅಸಹಜ ಹೇಗಾಯಿತು ಎಂದು ಒಮ್ಮೆ ಕೇಳಿದ್ದೆ. "ನಿನಗೆ ಅರ್ಥ ಆಗಲ್ಲ" ಎಂದಿದ್ದರು. ಆಗಲಿಲ್ಲ, ನಿಜ.

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಾಲರ್ ಕೂರಿಸುವ ಹೆಂಗಸಿನ ಹಿಂದೆ ನಿಂತು ಅಳೆಯುತ್ತಿದ್ದಾಗ ಇವರ ಕೈಯಿಂದ ಸ್ಟಾಪ್‌ವಾಚ್ ಜಾರಿ ಬಿತ್ತು. ಈ ಹೆಂಗಸನ್ನು ಎಲ್ಲರೂ ಕಾಲರಕ್ಕ ಎನ್ನುತ್ತಾರೆ, ಇಪ್ಪತ್ತು ವರ್ಷದಿಂದ ಒಂದೇ ಮಿಷನ್ನಿನ ಮುಂದೆ ಕೂತವಳು. ತಿರುಗಿ ನೋಡಿದರೆ ಇವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತಂತೆ, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರಂತೆ. ಕತ್ತರಿಸಿಟ್ಟ ಬಟ್ಟೆಯ ಗಂಟಿನ ಮೇಲೆ ಇವರನ್ನು ಕೂರಿಸಿ, ನೀರು ಕುಡಿಸಿ, ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದವಳು ಅವಳೇ. ಆ ಗಲಾಟೆಯಲ್ಲಿ ಅವಳಿಗೆ ಆ ದಿನದ ಟಾರ್ಗೆಟ್ ಮುಟ್ಟಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸುವಷ್ಟರಲ್ಲಿ ಹೃದಯ ಏನೂ ಆಗೇ ಇಲ್ಲವೆಂಬಂತೆ ಸರಿಯಾಗಿ ಬಡಿಯುತ್ತಿತ್ತು. ಆದರೂ ಹೃದಯದ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿಚಾರಿಸಿದರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೃದಯ ಇಟ್ಟುಕೊಂಡಿದ್ದರು. ಅದರ ಮುಚ್ಚಳ ಕಳೆದುಹೋಗಿ ಒಳಗೆ ಯಾರೋ ಪೆನ್ನಿನ ಕ್ಯಾಪು ಹಾಕಿಟ್ಟಿದ್ದರು.

"ಎದೆ ಹಿಂಗೆ ಡವಡವ ಅನ್ನೋದು ಎಷ್ಟು ದಿನದಿಂದ?"

"ಡವಡವ ಇಲ್ಲ ಮೇಡಂ. ಒಂದೆರಡು ಬಡಿತ ಹೆಚ್ಚುಕಮ್ಮಿ, ಅಷ್ಟೇ" ಎಂದರು ಇವರು.

"ಒಂದು ವರ್ಷದಿಂದ" ಎಂದೆ ನಾನು. "ಮೆಟ್ಟಿಲ ಮಧ್ಯೆ ನಿಂತು ಗೋಡೆ ಹಿಡ್ಕೋತಾರೆ. ಕೇಳಿದ್ರೆ ಗೋಡೆಗೆ ತೇವ ಬಂದಿದ್ಯಾ ನೋಡ್ತಿದ್ದೆ ಅಂತಾರೆ."

ಡಾಕ್ಟರು ನಗಲಿಲ್ಲ. ಪೆನ್ನಿನ ಕ್ಯಾಪು ತೆಗೆದಿಟ್ಟು ಹೃದಯವನ್ನು ನಮ್ಮ ಕಡೆ ತಿರುಗಿಸಿದರು. ಮೇಲಿನ ಎರಡು ಕೋಣೆಗಳು ಹದವಾಗಿ ಹಿಂಡುವುದರ ಬದಲು ಸುಮ್ಮನೆ ನಡುಗಲು ಶುರುಮಾಡುವ ಕಾಯಿಲೆ ಒಂದಿದೆ ಎಂದರು. ಬಂದು ಹೋಗಿ ಮಾಡುತ್ತದಂತೆ. ನಡುಗುವಾಗ ರಕ್ತ ಮೂಲೆಯಲ್ಲಿ ನಿಂತುಬಿಡುತ್ತದೆ, ನಿಂತದ್ದು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ.

ಲಕ್ವ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಭಾವನವರು, ಇವರ ಅಣ್ಣ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ವರ್ಷ ಮಲಗಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಇದ್ದವರು ಬಿದ್ದರು, ಆಮೇಲೆ ಬಲಗೈ ಏಳಲಿಲ್ಲ, ಬಾಯಿಂದ ಒಂದೇ ಒಂದು ಶಬ್ದ ಬಿಟ್ಟು ಬೇರೆ ಬರಲಿಲ್ಲ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ನಾಲ್ಕು ವರ್ಷ ಚಮಚದಲ್ಲಿ ಉಣಿಸಿದವಳು ನಾನು. ಇವರು ದಿನಾ ಕಾರ್ಖಾನೆಯಿಂದ ಬಂದು ಅಣ್ಣನ ಮಂಚದ ಪಕ್ಕ ಹತ್ತು ನಿಮಿಷ ಕೂರುತ್ತಿದ್ದರು, ಕೈಗಡಿಯಾರ ನೋಡದೆ. ಇವರು ಗಡಿಯಾರ ನೋಡದೆ ಕೂತ ಹೊತ್ತು ನನ್ನ ಲೆಕ್ಕದಲ್ಲಿ ಅದೊಂದೇ.

"ಇದಕ್ಕೆ ಏನೇನು ಮಾಡಬಹುದು ಮೇಡಂ?" ಎಂದು ಇವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು.

ಡಾಕ್ಟರು ಹೇಳುತ್ತಾ ಹೋದರು. ಬಡಿತ ನಿಧಾನ ಮಾಡುವ ಮಾತ್ರೆ ಇದೆ. ತಾಳ ಸರಿ ಹೋಗುವುದಿಲ್ಲ, ಓಟ ಮಾತ್ರ ಕಡಿಮೆಯಾಗುತ್ತದೆ. ತಾಳವನ್ನೇ ಸರಿಯಾಗಿ ಹಿಡಿದಿಡಲು ನೋಡುವ ಮಾತ್ರೆ ಬೇರೆ. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಮಂಪರು ಕೊಟ್ಟು ಎದೆಯ ಮೇಲೆ ಕರೆಂಟ್ ಶಾಕ್ ಕೊಟ್ಟು ತಾಳಕ್ಕೆ ತರಬಹುದು. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಹೃದಯದವರೆಗೆ ಕಳಿಸಿ ತಪ್ಪು ಸೂಚನೆ ಹೊರಡುವ ಜಾಗವನ್ನು ಸುಡಬಹುದು. ಬಡಿತ ತೀರಾ ನಿಧಾನವಾಗುವವರಿಗೆ ಪೇಸ್‌ಮೇಕರ್ ಎಂಬ ಯಂತ್ರ ಕೂರಿಸುತ್ತಾರೆ, ಇವರಿಗೆ ಸದ್ಯಕ್ಕೆ ಆ ಮಾತಿಲ್ಲ. ಇದೆಲ್ಲದರ ಜೊತೆಗೆ, ಇದೆಲ್ಲಕ್ಕಿಂತ ಮುಖ್ಯವಾಗಿ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ. "ಇವರಿಗೆ ಬಿಪಿ ಇದೆ, ಶುಗರ್ ಇದೆ. ಕಾಯಿಲೆ ಇದೇ ಅಂತ ಗೊತ್ತಾದ್ರೆ ಆ ಮಾತ್ರೆ ಬೇಕೇ ಬೇಕು."

"ಇದ್ರಲ್ಲಿ ಅತಿ ಕಡಿಮೆ ಹೊತ್ತು ಹಿಡಿಯೋದು ಯಾವುದು?"

"ಶಾಕ್. ಒಂದು ಸೆಕೆಂಡೂ ಬೇಡ."

ಇವರ ಮುಖ ಅರಳಿತು. ಒಂದು ಸೆಕೆಂಡಿಗೂ ಕಡಿಮೆ ಎಂದು ಬರೆದುಕೊಂಡು ಎರಡು ಸಲ ಗೆರೆ ಎಳೆದರು. "ಎಷ್ಟು ದಿನ ನಿಲ್ಲುತ್ತೆ?"

"ಅದು ಹೇಳೋಕಾಗಲ್ಲ. ಕೆಲವರಿಗೆ ವರ್ಷ, ಕೆಲವರಿಗೆ ವಾರ."

ಇವರು ಎಳೆದ ಗೆರೆಗಳ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿದರು.

ಆದರೆ ಯಾವುದನ್ನು ಶುರುಮಾಡಬೇಕಾದರೂ ಆ ನಡುಕ ಒಮ್ಮೆಯಾದರೂ ಕಾಗದದ ಮೇಲೆ ಸಿಗಬೇಕಂತೆ. ಹಾಗಾಗಿ ಎರಡು ಕೆಲಸ ಹೇಳಿದರು. ಒಂದು, ತಿಂಗಳಿಡೀ ದಿನಕ್ಕೆ ಐದು ಸಲ ನಾಡಿ ನೋಡಿ ನಿಮಿಷಕ್ಕೆ ಎಷ್ಟು, ಸಮನಾಗಿದೆಯೋ ಅಡ್ಡಾದಿಡ್ಡಿಯೋ ಬರೆದಿಡುವುದು. ಎರಡು, ಒಂದಿಡೀ ದಿನ ಎದೆಗೆ ತಂತಿ ಅಂಟಿಸಿಕೊಂಡು ಸೊಂಟಕ್ಕೆ ಒಂದು ಡಬ್ಬಿ ಕಟ್ಟಿಕೊಂಡು ಎಂದಿನಂತೆ ಓಡಾಡುವುದು.

ಅಳೆದು ಬರೆದಿಡಿ ಎಂದು ಇವರಿಗೆ ಹೇಳುವುದೆಂದರೆ ಮೀನಿಗೆ ಈಜು ಅಂದ ಹಾಗೆ. ಆಟೋದಲ್ಲಿ ಬರುವಾಗಲೇ ಹಾಳೆಗೆ ಗೆರೆ ಹಾಕಲು ಕೂತರು.

ಆ ತಿಂಗಳಿಡೀ ನಮ್ಮ ಮನೆ ಕಾರ್ಖಾನೆಯಾಯಿತು. ಬೆಳಿಗ್ಗೆ ಐದು, ಆರೂವರೆ, ಎಂಟು, ಸಂಜೆ ಏಳು, ರಾತ್ರಿ ಹತ್ತು. ಎಡಗೈ ಮಣಿಕಟ್ಟಿನ ಮೇಲೆ ಬಲಗೈ ಬೆರಳು, ಕಣ್ಣು ಸ್ಟಾಪ್‌ವಾಚಿನ ಮೇಲೆ. ಆ ಒಂದು ನಿಮಿಷ ನಾನು ಪಾತ್ರೆ ಎತ್ತಿಡಬಾರದು, ಕುರ್ಚಿ ಎಳೆಯಬಾರದು, ಮಾತಂತೂ ಆಡಲೇಬಾರದು. ನಡುವೆ ನನ್ನ ತಂಗಿಗೆ ಕಣ್ಣಿನ ಆಪರೇಷನ್ ಆಯಿತೆಂದು ನಾಲ್ಕು ದಿನ ಅವಳ ಮನೆಗೆ ಹೋಗಿಬಂದೆ. ಆ ನಾಲ್ಕು ದಿನ ನನ್ನ ಮಟ್ಟಿಗೆ ರಜೆ. ಬಾಯಿ ತುಂಬ ಮಾತಾಡಿದೆ, ಪಾತ್ರೆಗಳನ್ನು ದಡಬಡ ಇಟ್ಟೆ. ಮನೆಗೆ ಫೋನು ಕೂಡ ಮಾಡಲಿಲ್ಲ. ಮಾಡಿದರೆ ಎಲ್ಲಿ ನಾಡಿ ನೋಡುವ ಹೊತ್ತಾಗಿ ಬೈಸಿಕೊಳ್ಳಬೇಕಾಗುತ್ತೋ ಎಂದು.

ಡಬ್ಬಿ ಕಟ್ಟಿಕೊಂಡ ದಿನದ ಚಂದವನ್ನಂತೂ ನೋಡಬೇಕಿತ್ತು. ಎಂದಿನಂತೆ ಇರಿ ಎಂದು ನರ್ಸು ಎರಡು ಸಲ ಹೇಳಿ ಕಳಿಸಿದ್ದಳು. ಇವರು ಅಂದು ಕೆಲಸಕ್ಕೆ ರಜೆ ಹಾಕಿದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತವರು ಊಟಕ್ಕೆ ಬಿಟ್ಟರೆ ಏಳಲಿಲ್ಲ. ಮೆಟ್ಟಿಲು ಹತ್ತಲಿಲ್ಲ, ಚಹಾ ಬೇಡ ಎಂದರು, ಪೇಪರಿನ ಮೊದಲ ಪುಟ ಬಿಟ್ಟು ಕೊನೆಯ ಪುಟದ ಬಾವಿ-ಬೋರ್‌ವೆಲ್ ಜಾಹೀರಾತು ಓದಿದರು.

"ಏನ್ರೀ ಇದು? ಕಾರ್ಖಾನೇಲಿ ನೀವು ಹಿಂದೆ ಬಂದು ನಿಂತ ಕೂಡಲೇ ಹೆಂಗಸರು ಬೇರೆ ಥರಾನೇ ಕೆಲಸ ಮಾಡ್ತಾರೆ, ಅದಕ್ಕೇ ಕಂಬದ ಹಿಂದೆ ನಿಂತು ಅಳೀಬೇಕು ಅಂತಿರ್ತೀರಲ್ಲ. ಈಗ ನೀವು ಮಾಡ್ತಿರೋದು ಏನು?" ಎಂದೆ.

ಇವರು ಬಾಯಿಯ ಮೇಲೆ ಬೆರಳಿಟ್ಟು ಸೊಂಟದ ಡಬ್ಬಿ ತೋರಿಸಿದರು. ಅದಕ್ಕೆ ಕಿವಿ ಇದೆಯೇನೋ ಎಂಬಂತೆ.

ತಿಂಗಳು ಮುಗಿಯಿತು. ಡಾಕ್ಟರ ಮುಂದೆ ಇವರು ಹಾಳೆ ಇಟ್ಟರು. ಅಚ್ಚು ಹಾಕಿಸಿದಂಥ ಅಕ್ಷರ, ಕೆಳಗೆ ಸರಾಸರಿ ಎಪ್ಪತ್ನಾಲ್ಕು, ಅದರ ಕೆಳಗೆ ಜೋಡಿ ಗೆರೆ. ಎಲ್ಲ ಸಾಲಿನಲ್ಲೂ 'ಸಮ', 'ಸಮ', 'ಸಮ'. ಡಬ್ಬಿಯ ವರದಿಯೂ ಚೊಕ್ಕವಾಗಿತ್ತು.

"ದಿನಕ್ಕೆ ಐದು ಸಲ ಅಂದಿದ್ದೆ. ಕೆಲವು ದಿನ ಮೂರೇ ಇದೆಯಲ್ಲ?"

"ಆ ಹೊತ್ತಲ್ಲಿ ಸರಿಯಾದ ಅಳತೆ ಸಿಗಲಿಲ್ಲ ಮೇಡಂ."

ಇದು ನೂರಕ್ಕೆ ನೂರು ಸತ್ಯ. ನಮ್ಮವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಡಾಕ್ಟರಿಗೆ ದಿನಕ್ಕೆ ಒಂದು ಸಲವೂ ಬರೆಯದ ರೋಗಿಗಳನ್ನು ನೋಡಿ ಅಭ್ಯಾಸ, ಇಷ್ಟು ಬರೆದದ್ದೇ ದೊಡ್ಡದು ಅನಿಸಿರಬೇಕು. ಈಗ ಸಿಕ್ಕಿರುವುದರಲ್ಲಿ ಏನೂ ಕಾಣುತ್ತಿಲ್ಲ, ಕಾಯಿಲೆ ಗೊತ್ತಾಗದೆ ರಕ್ತದ ಮಾತ್ರೆ ಕೊಡುವುದು ಸರಿಯಲ್ಲ, ಅದರಿಂದಲೂ ಅಪಾಯಗಳಿವೆ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಇವರು ಪರೀಕ್ಷೆ ಪಾಸಾದ ಮಗುವಿನ ಹಾಗೆ ಹಾಳೆ ಮಡಚಿಕೊಂಡು ಎದ್ದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಧ್ಯದಲ್ಲಿ ನಿಂತು ಗೋಡೆ ಹಿಡಿದರು. ಅಲ್ಲಿಯೂ ತೇವ ಬಂದಿತ್ತೇನೋ.

ಮನೆಗೆ ಬಂದ ಮೇಲೆ ಇವರು ಊಟ ಮಾಡಿ ಅಡ್ಡಾದರು. ವರದಿಯನ್ನು ಫೈಲಿಗೆ ಸೇರಿಸೋಣವೆಂದು ನಾನು ಡ್ರಾಯರ್ ಎಳೆದೆ. ಅಲ್ಲಿತ್ತು ಮೂಲ ಹಾಳೆ. ಎಸೆಯಬಾರದಲ್ಲ.

ನೂರೈವತ್ತು ಅಳತೆಗಳು. ಅದರಲ್ಲಿ ನಲವತ್ಮೂರನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿತ್ತು. ನೂರ ಮೂವತ್ತು, ಅಡ್ಡಾದಿಡ್ಡಿ. ನೂರ ನಲವತ್ತೆರಡು, ಅಡ್ಡಾದಿಡ್ಡಿ. ಲೆಕ್ಕ ಸಿಗಲಿಲ್ಲ, ಅಡ್ಡಾದಿಡ್ಡಿ. ಪ್ರತಿಯೊಂದರ ಎದುರೂ ಕಾರಣದ ಕಾಲಂನಲ್ಲಿ ಕಾರಣ. ಮೆಟ್ಟಿಲು ಹತ್ತಿದ್ದು, ಐದು. ಚಹಾ ಬಿಸಿಯಾಗಿತ್ತು, ಮೂರು. ಕರೆಂಟ್ ಹೋಯಿತು, ಎರಡು. ಸೀನಿದ್ದು, ಒಂದು. ಪಕ್ಕದ ಮನೆಯ ನಾಯಿ, ಒಂದು. ಉಳಿದ ಮೂವತ್ತೊಂದಕ್ಕೂ ಒಂದೇ ಕಾರಣ: 'ಹೆಂಡತಿ ಮಾತಾಡಿದಳು.'

ನನಗೆ ಉರಿದುಹೋಯಿತು. ಮೂವತ್ತೊಂದು ವರ್ಷ ಸಂಸಾರ ಮಾಡಿದ್ದಕ್ಕೆ ವರ್ಷಕ್ಕೊಂದರಂತೆ ಬಹುಮಾನ! ಎಬ್ಬಿಸಿ ಕೇಳಿಯೇಬಿಡೋಣ, ಮೂವತ್ತೆರಡನೆಯದನ್ನೂ ಬರೆದುಕೊಳ್ಳಲಿ ಎಂದು ಹಾಳೆ ಹಿಡಿದು ಎರಡು ಹೆಜ್ಜೆ ಇಟ್ಟೆ. ಆಗ ತಾರೀಕುಗಳು ಕಣ್ಣಿಗೆ ಬಿದ್ದವು.

ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಆ ನಾಲ್ಕು ದಿನದಲ್ಲಿ ಆರು ಸಲ 'ಹೆಂಡತಿ ಮಾತಾಡಿದಳು.'

ಆ ನಾಲ್ಕು ದಿನ ನಾನು ತಂಗಿಯ ಮನೆಯಲ್ಲಿದ್ದೆ.

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಖಾಲಿ ಮನೆಯಲ್ಲಿ ಒಬ್ಬರೇ ಕೂತು, ತಮ್ಮ ಕೈ ತಾವೇ ಹಿಡಿದುಕೊಂಡು, ಅಡ್ಡಾದಿಡ್ಡಿ ಓಡುವ ನಾಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಆಮೇಲೆ ಪೆನ್ಸಿಲ್ ತೆಗೆದು ಇಲ್ಲದ ಹೆಂಡತಿಯ ಮೇಲೆ ಅದನ್ನು ಹೊರಿಸಿದ್ದಾರೆ. ಮುಂದಿನ ಕೋಣೆಯ ಮಂಚ ನನ್ನ ಕಣ್ಣ ಮುಂದೆ ಬಂತು. ಭಾವನವರ ತುಟಿಯಂಚಿನಿಂದ ಇಳಿಯುತ್ತಿದ್ದ ಅನ್ನವನ್ನು ಒರೆಸಿ ಒರೆಸಿ ಸವೆದಿದ್ದ ಟವೆಲ್ಲು ಕೂಡ.

ಮಾರನೆಯ ದಿನ ಬೆಳಿಗ್ಗೆ ಕಾರ್ಖಾನೆಗೆ ಹೊರಟವರ ಮುಂದೆ ಚಪ್ಪಲಿ ಮೆಟ್ಟಿ ನಿಂತೆ. "ನಡೀರಿ, ಡಾಕ್ಟರ ಹತ್ರ ಹೋಗಬೇಕು."

"ನಿನಗೇನಾಯ್ತು?"

"ನನಗೆ ಮಾತಿನ ಕಾಯಿಲೆ. ಮೂವತ್ತೊಂದು ಸಲ ಬಂದಿದೆ. ನೀವೇ ಬರೆದಿದ್ದೀರಿ."

ಇವರು ನನ್ನ ಕೈಯಲ್ಲಿದ್ದ ಹಾಳೆ ನೋಡಿ ಹಿಂದೆಯೇ ಬಂದರು. ದಾರಿಯಲ್ಲಿ ಒಮ್ಮೆ ಮಾತ್ರ, "ಮೂಲ ಹಾಳೆ ಹೊರಗಿನವರಿಗೆ ತೋರಿಸೋ ಪದ್ಧತಿ ಇಲ್ಲ ಕಣೆ" ಎಂದರು.

ಡಾಕ್ಟರು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ನಡುವೆ ಗಟ್ಟಿಯಾಗಿಯೇ ಓದತೊಡಗಿದರು. "ಹೆಂಡತಿ ಮಾತಾಡಿದಳು. ಹೆಂಡತಿ ಮಾತಾಡಿದಳು. ನಾಯಿ. ಹೆಂಡತಿ ಮಾತಾಡಿದಳು..." ತಲೆ ಎತ್ತಿ ನನ್ನನ್ನು ನೋಡಿದರು. ತುಟಿ ಕಚ್ಚಿ ನಗು ತಡೆದುಕೊಂಡದ್ದು ನನಗೆ ಕಂಡಿತು. "ಅಮ್ಮಾ, ನೀವು ಅಷ್ಟೊಂದು ಮಾತಾಡ್ತೀರಾ?"

"ಮಾತಾಡ್ತೀನಿ ಡಾಕ್ಟ್ರೇ, ಇಲ್ಲ ಅನ್ನಲ್ಲ. ಆದ್ರೆ ಒಂಬತ್ತರಿಂದ ಹನ್ನೆರಡರ ತನಕ ನಾನು ಊರಲ್ಲೇ ಇರ್ಲಿಲ್ಲ. ಫೋನೂ ಮಾಡಿಲ್ಲ."

ಇವರು ಕೈಚಾಚಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಯಾರೋ ಹೊಸ ಹುಡುಗ ಬರೆದ ಹಾಳೆಯಲ್ಲಿ ತಪ್ಪು ಹುಡುಕುವ ಹಾಗೆ ಒಂಬತ್ತನೇ ತಾರೀಕಿನ ಮೇಲೆ ಬೆರಳಿಟ್ಟರು, ಹತ್ತರ ಮೇಲೆ ಇಟ್ಟರು.

"ಕಾರಣ ಬರೀದೆ ಹೊಡೆಯೋ ಹಾಗಿಲ್ಲ" ಎಂದರು ಕೊನೆಗೆ, ಯಾರಿಗೆ ಎಂದಿಲ್ಲದೆ. "ಬೇರೆ ಕಾರಣ ಹೊಳೀಲಿಲ್ಲ."

"ಹೊಡೆಯದೆ ಬಿಡಬಹುದಿತ್ತಲ್ಲ?" ಎಂದರು ಡಾಕ್ಟರು ಮೆಲ್ಲಗೆ.

"ಬಿಟ್ರೆ ಅದು ಲೆಕ್ಕಕ್ಕೆ ಬರುತ್ತೆ ಮೇಡಂ." ಇವರು ಹಾಳೆಯನ್ನು ಮಡಚಿದರು, ಮತ್ತೆ ಬಿಡಿಸಿದರು. "ಬಡಿತ ತಪ್ಪಿದಾಗೆಲ್ಲ ನಮ್ಮಣ್ಣನ ಮುಖ ಎದುರಿಗೆ ಬರ್ತಿತ್ತು. ನನಗೆ ಭಯ. ಭಯ ಅಂತ ಕಾರಣದ ಕಾಲಂನಲ್ಲಿ ಬರೆಯೋಕಾಗುತ್ತಾ?"

ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ಇವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದನ್ನು ಹೇಳಲೂ ಇವರಿಗೆ ಒಬ್ಬ ಮೂರನೆಯವರು, ಒಂದು ಮೇಜು, ಒಂದು ಹಾಳೆ ಬೇಕಾಯಿತು. ಆದರೂ ಆ ಕ್ಷಣ ನನಗೆ ಇವರ ಮೇಲೆ ಬಂದಷ್ಟು ಅಕ್ಕರೆ ಮದುವೆಯ ಹೊಸದರಲ್ಲೂ ಬಂದಿರಲಿಲ್ಲ.

ಡಾಕ್ಟರು ಎದ್ದು ಬಂದು ಇವರ ಮಣಿಕಟ್ಟು ಹಿಡಿದರು. ಅರ್ಧ ನಿಮಿಷ ಹಿಡಿದವರು ನರ್ಸನ್ನು ಕೂಗಿದರು. ಅಲ್ಲೇ ಪಕ್ಕದ ಮಂಚದ ಮೇಲೆ ಮಲಗಿಸಿ ತಂತಿ ಹಚ್ಚಿದರು. ಯಂತ್ರದಿಂದ ಗುಲಾಬಿ ಬಣ್ಣದ ಕಾಗದ ಹೊರಗೆ ಬಂತು. ಒಂದು ಗೆರೆಗೂ ಮುಂದಿನ ಗೆರೆಗೂ ಇರುವ ಸಂದು ಒಂದರಂತೆ ಇನ್ನೊಂದಿಲ್ಲ. ಅಂತೂ ಕಾಗದದ ಮೇಲೆ ಸಿಕ್ಕಿತು. ಆ ಹೊತ್ತಿಗೆ ನಾನು ತುಟಿ ಪಿಟಕ್ಕೆನ್ನದೆ ಮೂಲೆಯಲ್ಲಿ ನಿಂತಿದ್ದೆ. ಇದನ್ನು ಯಾರಾದರೂ ದಯವಿಟ್ಟು ಬರೆದಿಟ್ಟುಕೊಳ್ಳಬೇಕು.

ಅಂದಿನಿಂದಲೇ ರಕ್ತದ ಮಾತ್ರೆ ಶುರುವಾಯಿತು, ಜೊತೆಗೆ ಓಟ ತಗ್ಗಿಸುವ ಮಾತ್ರೆ. ಒಂದು ಹೊತ್ತೂ ತಪ್ಪಿಸಬಾರದು, ಗಡ್ಡ ಕೆರೆಯುವಾಗ ಹುಷಾರು, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ ಎಂದು ಹೇಳಿ ಕಳಿಸಿದರು. ಮಾತ್ರೆ ತಪ್ಪಿಸದಿರುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಎಂಟು ಎಂದರೆ ಎಂಟು, ಎಂಟೂ ಒಂದು ಅಲ್ಲ. ತಾಳ ಹಿಡಿದಿಡುವ ಮಾತ್ರೆಯನ್ನೂ ಮೂರು ತಿಂಗಳು ನೋಡಿದ್ದಾಯಿತು, ಅದು ಒಗ್ಗಲಿಲ್ಲ. ಆಮೇಲೆ ಉಳಿದದ್ದು ಸುಡುವ ದಾರಿ.

ಆ ನಡುವೆ ಒಂದು ಸಂಜೆ ಕಾಲರಕ್ಕ ಮನೆಗೆ ಬಂದಳು. ಇವರು ಇನ್ನೂ ಬಂದಿರಲಿಲ್ಲ. ಅವಳು ಕೂರಲೂ ಇಲ್ಲ, ಬಾಗಿಲಲ್ಲೇ ನಿಂತು ದನಿ ತಗ್ಗಿಸಿ ಕೇಳಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸಾಹೇಬ್ರಿಗೆ ಹೃದಯದ ಜೊತೆ ತಲೆಗೂ ಏನಾದ್ರೂ ಆಗಿದ್ಯಾ?"

"ಯಾಕಮ್ಮ?"

"ಮೊನ್ನೆ ನನ್ನ ಕಾಲರಿಗೆ ಹೊಸದಾಗಿ ಟೈಮ್ ಹಾಕಿದ್ರು. ನಡುವೆ ಎರಡು ಸಲ ಕೆಮ್ಮಿದೆ, ಒಂದು ಸಲ ಸೊಂಟ ನೆಟ್ಟಗೆ ಮಾಡ್ಕೊಂಡೆ. ಕೆಂಪು ಪೆನ್ಸಿಲ್ ತೆಗೀತಾರೆ ಅಂತ ನೋಡ್ತಾನೇ ಇದ್ದೀನಿ, ತೆಗೀಲೇ ಇಲ್ಲ! ನಲವತ್ತೊಂದು ಸೆಕೆಂಡ್ ಇದ್ದಿದ್ದು ನಲವತ್ತಾರು ಆಯ್ತು. ಮ್ಯಾನೇಜರು ಕೂಗಾಡ್ತಿದ್ದಾರೆ. ಸಾಹೇಬ್ರು, ಕೆಮ್ಮೂ ಲೆಕ್ಕಕ್ಕೆ ಬರುತ್ತೆ ಸಾರ್ ಅಂತ ಹೇಳಿ ಎದ್ದು ಬಂದ್ರಂತೆ. ಲೈನಲ್ಲಿ ಎಲ್ರೂ ಪಾಪ ಅಂತಿದ್ದಾರೆ."

ತಲೆಗೇನೂ ಆಗಿಲ್ಲ ಎಂದು ಹೇಳಿ ಚಹಾ ಮಾಡಿ ಕೊಟ್ಟೆ. ಒಬ್ಬ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಲೆಕ್ಕ ಹಾಕಿದರೆ ಊರವರೆಲ್ಲ ಅವನಿಗಾಗಿ ಮರುಗುತ್ತಾರೆ. ಮ್ಯಾನೇಜರು ಆ ಹಾಳೆಗೆ ಸಹಿ ಹಾಕಲು ಇನ್ನೂ ಎರಡು ವಾರ ಸತಾಯಿಸಿದರು ಎಂಬುದು ಬೇರೆ ಮಾತು.

ಸುಡುವ ದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದು ಇನ್ನೊಮ್ಮೆ ಎಲ್ಲ ವಿವರಿಸಿದರು. ಬಹಳಷ್ಟು ಜನರಿಗೆ ಗುಣ ಕಾಣುತ್ತದೆ, ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ನಳಿಗೆ ಒಳಗಿರುವಾಗ ಹೃದಯಕ್ಕೆ ಪೆಟ್ಟಾಗುವುದು, ರಕ್ತ ಒಸರುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಸುಟ್ಟ ಮೇಲೂ ರಕ್ತದ ಮಾತ್ರೆ ಬಿಡುವ ಹಾಗಿಲ್ಲ. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಅಪರೂಪ ಎಂಬ ಮಾತಿನೊಳಗೆ ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

"ಕೆಲವು ಸಲ ಒಳಗೆ ನಾವು ಹೋದ ಮೇಲೆ ಹೃದಯ ತೆಪ್ಪಗೆ ಬಡೀತಿರುತ್ತೆ. ತಪ್ಪು ಎಲ್ಲಿಂದ ಬರುತ್ತೆ ನೋಡೋಕೆ ನಾವೇ ಸ್ವಲ್ಪ ಕೆಣಕಬೇಕಾಗುತ್ತೆ" ಎಂದರು ಡಾಕ್ಟರು.

"ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಅದು ನಾಟಕ ಮಾಡುತ್ತೆ ಮೇಡಂ" ಎಂದರು ಇವರು ಗಂಭೀರವಾಗಿ. "ಕಂಬದ ಹಿಂದೆ ನಿಂತು ನೋಡಿ."

ಮೈಮೇಲಿನ ಲೋಹದ ವಸ್ತುಗಳನ್ನೆಲ್ಲ ತೆಗೆಯಲು ಹೇಳಿದಾಗ ಉಂಗುರ ಬಿಚ್ಚಿದರು, ಕೈಗಡಿಯಾರ ಬಿಚ್ಚಿದರು. ಆಮೇಲೆ ದಿಂಬಿನ ಕೆಳಗಿನಿಂದ ಸ್ಟಾಪ್‌ವಾಚ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದನ್ನು ಇವರು ಯಾರ ಕೈಗೂ ಕೊಟ್ಟವರಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಮುಟ್ಟಿ ಬೈಸಿಕೊಂಡಿದ್ದಳು. "ಬಾಗಿಲು ಹಾಕಿದಾಗ ಒತ್ತು. ತೆಗೆದಾಗ ಮತ್ತೆ ಒತ್ತು. ಎಷ್ಟು ಹೊತ್ತು ಆಯ್ತು ನೋಡಬೇಕು" ಎಂದರು.

ಬಾಗಿಲು ಹಾಕಿದರು, ನಾನು ಒತ್ತಿದೆ.

ಕಾರಿಡಾರಿನಲ್ಲಿ ಉದ್ದಕ್ಕೆ ಕಬ್ಬಿಣದ ಕುರ್ಚಿಗಳು. ಮಗಳು ಮಧ್ಯಾಹ್ನ ಬರುವವಳಿದ್ದಳು, ಅಲ್ಲಿಯವರೆಗೆ ನಾನೊಬ್ಬಳೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರಿಗೆ ಏನಾಗಿದೆ ಎಂದು ಕೇಳಿದಳು, ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ನನಗೆ! ಸ್ಟಾಪ್‌ವಾಚಿನ ಅಂಕಿಗಳು ಓಡುತ್ತಲೇ ಇದ್ದವು. ಒಂದೊಂದು ಸೆಕೆಂಡೂ ಇಷ್ಟು ಉದ್ದ ಇರುತ್ತದೆ ಎಂದು ಗೊತ್ತಿದ್ದರೆ ಆ ಸಕ್ಕರೆ ಡಬ್ಬಿಯ ವಿಷಯದಲ್ಲಿ ನಾನು ಇವರನ್ನು ಅಷ್ಟು ಹಂಗಿಸುತ್ತಿರಲಿಲ್ಲ. ದೇವರೇ, ಮೂಲ ಹಾಳೆಯಲ್ಲಿ ಏನೇ ಇರಲಿ, ಈ ಮನುಷ್ಯನನ್ನು ಮಾತ್ರ ಹೊಡೆದುಹಾಕಬೇಡ ಎಂದು ಬೇಡಿಕೊಂಡೆ.

ಬಾಗಿಲು ತೆರೆದು ಡಾಕ್ಟರು ಹೊರಬಂದು, "ಆಯ್ತಮ್ಮ, ಚೆನ್ನಾಗಾಯ್ತು. ತಾಳಕ್ಕೆ ಬಂದಿದೆ" ಎಂದಾಗ ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಆಮೇಲೆ ಅತ್ತೆ. ಸ್ಟಾಪ್‌ವಾಚ್ ಎಲ್ಲಿ ಹೋಯಿತು ಎಂಬ ಪರಿವೆಯೇ ಇರಲಿಲ್ಲ.

ಸಂಜೆ ವಾರ್ಡಿನಲ್ಲಿ ಇವರಿಗೆ ಪೂರ್ತಿ ಎಚ್ಚರವಾಯಿತು. ತೊಡೆ ಅಲುಗಿಸಬಾರದೆಂದು ಅಂಗಾತ ಮಲಗಿಸಿದ್ದರು. ತುಟಿ ಒಣಗಿತ್ತು. ಮೊದಲ ಮಾತೇ, "ಎಷ್ಟಾಯ್ತು?"

ಚೀಲದೊಳಗೆ ಕೈ ಹಾಕಿ ತೆಗೆದೆ. ಅಂಕಿಗಳು ಇನ್ನೂ ಓಡುತ್ತಿದ್ದವು. ಏಳು ಗಂಟೆ ಹನ್ನೆರಡು ನಿಮಿಷ ಎಂದು ತೋರಿಸುತ್ತಿತ್ತು. "ನಿಲ್ಲಿಸೋದು ಮರೆತೇಹೋಯ್ತು ರೀ" ಎಂದೆ, ಬೈಗುಳಕ್ಕೆ ತಯಾರಾಗಿ.

ಇವರು ಬೈಯಲಿಲ್ಲ. "ಹಾಗಾದ್ರೆ ಅದನ್ನ ಹೊಡೆದುಹಾಕಬೇಕು."

"ಕಾರಣ ಬರೀಬೇಕಲ್ಲ? ಏನಂತ ಬರೀಲಿ?" ಎಂದೆ. ಉತ್ತರ ನನಗೆ ಗೊತ್ತೇ ಇತ್ತು, ಮೂವತ್ತೊಂದು ಸಲ ಓದಿದ್ದೆನಲ್ಲ.

ಇವರು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ನಾಡಿ ನೋಡುವುದಕ್ಕಲ್ಲ, ಸುಮ್ಮನೆ.

"ಒಳಗೆ ಅರೆಬರೆ ಎಚ್ಚರ ಇತ್ತು ಕಣೆ. ಯಂತ್ರ ಕೂಗ್ತಿತ್ತು, ಅವರವರೇ ಏನೇನೋ ಅಂದ್ಕೋತಿದ್ರು. ನಿನ್ನ ದನಿ ಎಲ್ಲಾದ್ರೂ ಕೇಳುತ್ತಾ ಅಂತ ಕಾದೆ" ಎಂದರು. "ಬರಿ. ಹೆಂಡತಿ ಮಾತಾಡಲಿಲ್ಲ."